ಆರನೆಯ ಕಟ್ಟೆ

ಗುಟ್ಟು ಉಳಿಸಿಕೊಳ್ಳುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಚಿಕ್ಕಂದಿನಲ್ಲಿ ಅಕ್ಕನ ಹುಟ್ಟುಹಬ್ಬಕ್ಕೆಂದು ಬೀರುವಿನಲ್ಲಿ ಅಡಗಿಸಿಟ್ಟಿದ್ದ ಲಂಗದ ಬಣ್ಣವನ್ನು ಅವಳಿಗೇ ಹೋಗಿ ಹೇಳಿ, "ಆದ್ರೆ ನಿಂಗೆ ಗೊತ್ತಾಗಬಾರದಂತೆ" ಎಂದು ಸೇರಿಸಿ ಬಂದ ಪ್ರಾಣಿ ನಾನು. ಹೇಳಬಾರದ ಸಂಗತಿಯೊಂದು ಒಳಗೆ ಸೇರಿಕೊಂಡರೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಫ್ರಿಜ್ ಬಾಗಿಲು ತೆಗೆಯುತ್ತೇನೆ, ಏನು ಬೇಕಿತ್ತೆಂದು ನೆನಪಾಗದೆ ಮುಚ್ಚುತ್ತೇನೆ, ಮತ್ತೆ ತೆಗೆಯುತ್ತೇನೆ. ಇಂಥವನು ಹೊಟ್ಟೆಪಾಡಿಗೆ ಹಿಡಿದ ಕೆಲಸ ನೋಡಿ: ಅದರಲ್ಲಿ ಅರ್ಧ ಬಾಯಿ ಮುಚ್ಚಿಕೊಂಡಿರುವುದು, ಇನ್ನರ್ಧ ಬಾಯಿ ತುಂಬ ಮಾತಾಡುವುದು.

ನಾನು ಪರ್ತ್‌ನಲ್ಲಿ ಪುರಾತತ್ವದ ಕೆಲಸ ಮಾಡುತ್ತೇನೆ. ಸರ್ಕಾರದ್ದಲ್ಲ, ಖಾಸಗಿ ಕಂಪನಿ. ಹಳೆಯ ಜಾಗದಲ್ಲಿ ಕಟ್ಟಡ ಎಬ್ಬಿಸುವವರು, ನೆಲದಡಿಯಲ್ಲಿ ಏನಿದೆ ನೋಡಿ ಹೇಳಿ ಎಂದು ಮೊದಲು ನಮ್ಮನ್ನು ಕರೆಸುತ್ತಾರೆ. ನಾವು ಅಗೆದು, ಅಳೆದು, ಫೋಟೊ ತೆಗೆದು, ವರದಿ ಬರೆದುಕೊಟ್ಟು ಬರುತ್ತೇವೆ. ಆ ವರದಿ ಕರೆಸಿದವರ ಸ್ವತ್ತು. ಅದರಲ್ಲಿರುವುದನ್ನು ಅವರ ಒಪ್ಪಿಗೆಯಿಲ್ಲದೆ ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲವೆಂದು ಸಹಿ ಹಾಕಿರುತ್ತೇವೆ. ಇತ್ತ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಹೆಡ್ ಆಫೀಸಿನಲ್ಲಿರುವ ನಮ್ಮ ಬಾಸ್ ಜೂಲಿಗೆ ಜನಸಂಪರ್ಕದ ಹುಚ್ಚು. ಶಾಲೆ, ಲೈಬ್ರರಿ, ಸಂಘ ಎಲ್ಲೇ ಆಗಲಿ, ಹೋಗಿ ಮಾತಾಡಿ, ಇತಿಹಾಸ ಜನರದ್ದಲ್ಲವೇ ಎನ್ನುತ್ತಾಳೆ. ಜನರದ್ದು, ನಿಜ. ಆದರೆ ಯಾವ ಇತಿಹಾಸ, ಎಲ್ಲಿ ಸಿಕ್ಕಿತು, ಏನು ಸಿಕ್ಕಿತು ಎನ್ನುವುದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಧಾರಾಳವಾಗಿ ಹೇಳಬಹುದು.

ಮೈಸೂರಿನಲ್ಲಿ ಎಂ.ಎ. ಓದುವಾಗ ತಿ. ನರಸೀಪುರದ ಕಡೆ ಒಂದು ಉತ್ಖನನಕ್ಕೆ ಹೋಗಿದ್ದೆ. ಅಲ್ಲಿ ಗುಟ್ಟು ಎನ್ನುವ ಮಾತೇ ಇರಲಿಲ್ಲ. ಬೆಳಿಗ್ಗೆ ಗುಂಡಿಗೆ ಇಳಿದರೆ ಸುತ್ತ ಇಡೀ ಊರು ಕುಕ್ಕರುಗಾಲಲ್ಲಿ ಕೂತಿರುತ್ತಿತ್ತು. ಒಂದು ಬೋಕಿ ಚೂರು ಮೇಲೆದ್ದರೆ ನಮ್ಮ ಮೇಷ್ಟ್ರಿಗಿಂತ ಮೊದಲು ಊರಿನವರು ಅಭಿಪ್ರಾಯ ಹೇಳುತ್ತಿದ್ದರು. ಒಬ್ಬ ಅಜ್ಜಿ ದಿನಾ ಮಜ್ಜಿಗೆ ತಂದುಕೊಟ್ಟು, "ಅದು ನಮ್ಮತ್ತೆ ಒಡೆದಾಕಿದ್ ಮಡಕೆ ಕಣ್ ಬುದ್ಧಿ, ಅದ್ಯಾಕೆ ಬ್ರಷ್ ಹಾಕಿ ಉಜ್ತಿದ್ದೀರಿ?" ಎಂದು ಕೇಳುತ್ತಿದ್ದಳು. ಇಲ್ಲಿ ಗುಂಡಿಯ ಸುತ್ತ ಆಳೆತ್ತರದ ಬೇಲಿ, ಬೇಲಿಗೆ ಹಸಿರು ಬಟ್ಟೆ, ಗೇಟಿನಲ್ಲಿ ಸಹಿ ಪುಸ್ತಕ. ಮಜ್ಜಿಗೆ ಕೊಡುವವರಿಲ್ಲ ಹೋಗಲಿ, ಒಳಗೇನು ನಡೆಯುತ್ತಿದೆ ಎಂದು ಬೈಯುವವರೂ ಇಲ್ಲ.

ಹೀಗಿರುವಾಗ ಪರ್ತ್‌ನ ಪಕ್ಕದ ಫ್ರೀಮ್ಯಾಂಟಲ್ ಬಂದರಿನ ಹತ್ತಿರ ಒಂದು ಹಳೆಯ ಗೋದಾಮಿನ ಜಾಗದಲ್ಲಿ ಕೆಲಸ ಬಂತು. ಅಪಾರ್ಟ್‌ಮೆಂಟ್ ಕಟ್ಟುವವರು ಕೆಳಗೆ ಪಾರ್ಕಿಂಗ್‌ಗೆ ನೆಲ ಅಗೆಯಬೇಕಿತ್ತು. ಮೂರನೆಯ ದಿನ ಸುಣ್ಣದಕಲ್ಲಿನ ಒಂದು ಹಾಸುಬಂಡೆಯ ಮೇಲೆ ಗೀರುಗಳು ಕಂಡವು. ಜೊತೆಗಿದ್ದ ಸಹೋದ್ಯೋಗಿ ಬಗ್ಗಿ ನೋಡಿ, "ಕಲ್ಲುಕುಟಿಗರು ಕೈ ಪಳಗಿಸಿಕೊಂಡಿರಬೇಕು, ಮೇಟ್" ಎಂದ. ನಾನು ಮಾತ್ರ ಮಂಡಿಯೂರಿ ಎಣಿಸತೊಡಗಿದೆ. ಉದ್ದಕ್ಕೆ ಐದು ಮನೆ, ಅಡ್ಡಕ್ಕೆ ಐದು ಮನೆ. ನಾಲ್ಕು ಬದಿಯ ನಡುಮನೆಗಳಲ್ಲೂ ಮಧ್ಯದ ಮನೆಯಲ್ಲೂ ಗುಣಾಕಾರದ ಗುರುತು. ಚೌಕಾಬಾರ! ಅಜ್ಜಿಮನೆಯ ಜಗುಲಿಯಲ್ಲಿ ಸೀಮೆಸುಣ್ಣದಲ್ಲಿ ಬರೆದು ಬೇಸಿಗೆ ರಜವೆಲ್ಲ ಕವಡೆ ಉರುಳಿಸಿದ ಅದೇ ಪಟ, ಕಾಯಿಯನ್ನು ಯಾರೂ ಹೊಡೆಯಲಾಗದ ಅದೇ ಕಟ್ಟೆಗಳು. ಯಾವುದೋ ಹಡಗಿನಲ್ಲಿ ಬಂದು, ಸರಕು ಇಳಿಸಿ, ವಾಪಸು ಹೊರಡುವ ದಿನಕ್ಕಾಗಿ ಕಾಯುತ್ತ ಕೂತ ಯಾರೋ ನಾಲ್ವರು ಮೊಳೆಯಿಂದ ಗೀಚಿದ್ದಿರಬೇಕು. ಕಣ್ಣು ತುಂಬಿಬಂತು. ಧೂಳು ಎಂದೆ.

ಆದರೆ ಒಂದು ಮೂಲೆಮನೆಯಲ್ಲೂ ಅದೇ ಗುರುತು ಇತ್ತು. ಆರನೆಯ ಕಟ್ಟೆ. ಮೂಲೆಯಲ್ಲಿ ಕಟ್ಟೆ ನಾನು ಕಂಡಿರಲಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ಕಲ್ಲಿನ ಗತಿಯದು. ಕಟ್ಟುವವರ ಮುಂದೆ ಎರಡು ದಾರಿ ಇಟ್ಟಿದ್ದೆವು. ಫೋಟೊ ತೆಗೆದು, ಅಳತೆ ಬರೆದು, ಕಲ್ಲನ್ನು ಜೆಸಿಬಿಗೆ ಬಿಟ್ಟುಬಿಡುವುದು ಒಂದು. ಕೆಲಸ ಎರಡು ವಾರ ನಿಲ್ಲಿಸಿ ಅದನ್ನು ಹುಷಾರಾಗಿ ಎತ್ತಿ ಉಳಿಸಿಕೊಳ್ಳುವುದು ಇನ್ನೊಂದು. ಅವರ ಮನಸ್ಸು ಮೊದಲನೆಯದರ ಕಡೆಗೇ ವಾಲಿತ್ತು. ಹೊರಗೆ ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಬಿಡದಿದ್ದರೆ ಕಲ್ಲು ಹೋಗುತ್ತದೆ.

ಮನೆಯಲ್ಲಿ ಫ್ರಿಜ್ ಬಾಗಿಲು ಸವೆಯತೊಡಗಿತು. ನನ್ನ ಹೆಂಡತಿ ವಿದ್ಯಾ ಗಣಿ ಕಂಪನಿಯಲ್ಲಿ ಜಿಯಾಲಜಿಸ್ಟ್. ಯಾವ ಗುಡ್ಡದಲ್ಲಿ ಏನಿದೆ ಎನ್ನುವುದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಚಪಾತಿ ಲಟ್ಟಿಸುವ ಹೆಂಗಸು. "ಏನೋ ಸಿಕ್ಕಿದೆ ಅಲ್ವಾ?" ಎಂದಳು. "ಇಲ್ಲ" ಎಂದೆ. "ಹಂಗಾದ್ರೆ ಸಿಕ್ಕಿದೆ" ಎಂದು ಹಿಟ್ಟು ಉದುರಿಸಿದಳು. ಒಂಬತ್ತು ವರ್ಷದ ಮಗಳು ಇಂಚರಾ ಟಿ.ವಿ.ಯಿಂದ ಕಣ್ಣು ಕೀಳದೆ, "ಡ್ಯಾಡ್, ಯು ಆರ್ ಸೋ ಆಬ್ವಿಯಸ್" ಎಂದಳು.

ಸರಿಯಾಗಿ ಆಗಲೇ ನಮ್ಮ ಕನ್ನಡ ಸಂಘದವರು ಕುಟುಂಬ ದಿನದಲ್ಲಿ ಒಂದು ಭಾಷಣ ಕೇಳಿದರು. ಜೂಲಿ ಫೋನಿನಲ್ಲೇ ಕುಣಿದಾಡಿದಳು. "ಏನಾದರೂ ರೋಮಾಂಚಕವಾಗಿ ಹೇಳು. ಜಾಗ ಬೇಡ, ಹೆಸರು ಬೇಡ, ವಸ್ತು ಬೇಡ." ಕಟ್ಟುವವರ ವಕೀಲೆ ಅಡಿಲೇಡ್‌ನಲ್ಲಿದ್ದಾಳೆ; ಭಾಷಣ ಅವಳ ಕೈಯಲ್ಲಿ ಪಾಸಾಗಬೇಕಿತ್ತು. ಹದಿನಾಲ್ಕು ಸ್ಲೈಡ್ ಕಳಿಸಿದೆ, ಮೂರು ವಾಪಸು ಬಂದವು: ಶೀರ್ಷಿಕೆ, ಹೆಲ್ಮೆಟ್ ಹಾಕಿಕೊಂಡ ನಾನು, ಧನ್ಯವಾದ. ಹೆಲ್ಮೆಟ್ಟಿನ ಹಿಂದಿದ್ದ ಆಕಾಶವನ್ನೂ ಬೆಳ್ಳಗೆ ಅಳಿಸಿದ್ದಳು. ಮೇಲಾಗಿ, ಭಾಷಣದ ದಿನ ಕಟ್ಟುವವರ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ಗ್ರೆಗ್ ಬಂದು ಕೂತು ಕೇಳುತ್ತಾನೆ ಎಂದು ಬರೆದಿದ್ದಳು.

ಭಾಷಣಕ್ಕೆ ವಾರವಿರುವಾಗ ನನ್ನ ಕಾಲುಗಳು ತಾವಾಗಿಯೇ ಲೀಲಮ್ಮ ಆಂಟಿಯ ಮನೆಗೆ ನಡೆದವು. ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆ. ಆಂಟಿ ನಂಜನಗೂಡಿನವರು, ಎಂಬತ್ತರ ಹತ್ತಿರ ವಯಸ್ಸು, ಮಗಳು ರತ್ನಳ ಜೊತೆ ಇದ್ದಾರೆ. ಚೌಕಾಬಾರದಲ್ಲಿ ಅವರನ್ನು ಸೋಲಿಸಿದವರು ಈ ಊರಿನಲ್ಲಿಲ್ಲ. ನಾನು ಬಹಳ ಜಾಣತನದಿಂದ, ಹವಾಮಾನ, ಮಂಡಿನೋವು ಎಲ್ಲ ವಿಚಾರಿಸಿಕೊಂಡು, "ಆಂಟಿ, ಸುಮ್ನೆ ಒಂದು ಡೌಟು. ಚೌಕಾಬಾರದಲ್ಲಿ ಮೂಲೆಮನೇಲಿ ಕಟ್ಟೆ ಇರೋ ಪದ್ಧತಿ ಎಲ್ಲಾದ್ರೂ ಉಂಟಾ?" ಎಂದೆ.

ಆಂಟಿ ಬಿಡಿಸುತ್ತಿದ್ದ ಅವರೆಕಾಳು ಬಿಟ್ಟು ತಲೆಯೆತ್ತಿದರು. "ಮೂಲೇಲಾ? ಇಲ್ವೇ ಇಲ್ಲ. ಯಾವನೋ ಸೋಲೋ ಹೊತ್ಗೆ ಕಾಯಿ ಉಳಿಸ್ಕೊಳ್ಳೋಕೆ ಗೀಚಿರ್ತಾನೆ. ನಮ್ಮೆಜಮಾನ್ರು ಮಾಡ್ತಿದ್ರು, ನಾನು ನೀರಿಗೆ ಎದ್ದು ಹೋದಾಗ."

ನನಗೆ ಮೈಯೆಲ್ಲ ಬೆಳಕಾಯಿತು. "ಅದಕ್ಕೇ ಆಂಟಿ, ಆ ಗೀರು ಮಾತ್ರ ಅಷ್ಟು ಮೇಲುಮೇಲಾಗಿದೆ! ಬೇರೆ ಐದೂ ಆಳವಾಗಿವೆ, ಅದೊಂದು ಅವಸರದಲ್ಲಿ..." ಎಂದು ಕಿರುಚಿಯೇಬಿಟ್ಟೆ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದೆ.

"ಹಂಗಾದ್ರೆ ನೋಡಿದ್ದೀಯ," ಎಂದರು ಆಂಟಿ. "ಎಲ್ಲಿ?"

ಹೇಳಿಬಿಟ್ಟೆ. ಎಲ್ಲವನ್ನೂ. ಕಲ್ಲು, ಗೋದಾಮು, ಜೆಸಿಬಿ, ಅಡಿಲೇಡಿನ ವಕೀಲೆ. ಹೇಳುತ್ತ ಹೇಳುತ್ತ ಮೂರು ವಾರದ ಭಾರ ಇಳಿದು ಎರಡು ಲೋಟ ಕಾಫಿ ಕುಡಿದೆ. ಕೊನೆಗೆ ಪ್ರಜ್ಞೆ ಬಂದು, "ಆಂಟಿ, ಯಾರಿಗೂ ಹೇಳ್ಬೇಡಿ, ನನ್ನ ಕೆಲಸ ಹೋಗುತ್ತೆ" ಎಂದು ಬೇಡಿಕೊಂಡೆ. "ಛೇ, ನಾನ್ಯಾರಿಗಪ್ಪ ಹೇಳ್ಲಿ?" ಎಂದರು. "ರತ್ನಂಗೆ ಬಿಟ್ಟು." ಗೇಟು ದಾಟುವಾಗಲೇ ಒಳಗಿನಿಂದ ಆಂಟಿಯ ಫೋನು ಕಿಣಿಗುಟ್ಟಿದ್ದು ಕೇಳಿಸಿತು.

ಕುಟುಂಬ ದಿನ ಬಂತು. ಹಾಲಿನಲ್ಲಿ ನಲವತ್ತು ಜನ, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಶರ್ಟಿನ ಗ್ರೆಗ್. ಮೂರು ಸ್ಲೈಡಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದೆ. ಈ ನೆಲಕ್ಕೆ ಸಾವಿರಾರು ವರ್ಷಗಳಿಂದ ಸೇರಿದ ನೂಂಗರ್ ಜನರ ಬಗ್ಗೆ, ಮಣ್ಣಿನ ಪದರಗಳ ಬಗ್ಗೆ, ಹೆಲ್ಮೆಟ್ಟಿನ ಬಗ್ಗೆ. ಜನ ಎಂದೂ ಇಲ್ಲದಷ್ಟು ಗಂಭೀರವಾಗಿ ಕೇಳಿದರು. ಯಾವಾಗಲೂ "ಚಿನ್ನ ಸಿಗ್ತೇನ್ರೀ?" ಎಂದು ಕಾಡುವ ಸುರೇಶ್ ಕೂಡ ಬಾಯಿ ಬಿಡಲಿಲ್ಲ. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಚಪ್ಪಾಳೆ ಜೋರಾಗಿತ್ತು.

ಊಟವಾದ ಮೇಲೆ ಚೌಕಾಬಾರ ಪಂದ್ಯ. ಲೀಲಮ್ಮ ಆಂಟಿಯ ಉಸ್ತುವಾರಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಂಟು ಪಟ ಬರೆದಿದ್ದರು. ನಾನು ಬಿಸಿಬೇಳೆಬಾತಿನ ತಟ್ಟೆ ಹಿಡಿದು ಬಂದು ನೋಡಿದರೆ, ಎಂಟರಲ್ಲೂ ಮೂಲೆಯಲ್ಲಿ ಆರನೆಯ ಕಟ್ಟೆ! ಅಷ್ಟರಲ್ಲಿ ಆಂಟಿ ಗ್ರೆಗ್‌ನ ಕೈ ಹಿಡಿದು ನೆಲದ ಮೇಲೆ ಕೂರಿಸಿದ್ದಾಗಿತ್ತು. "ಕಮ್, ಕಮ್, ಸಿಟ್. ದಿಸ್ ಕವಡೆ. ಯು ಥ್ರೋ."

ಆರಡಿ ಆಳು ಮಂಡಿ ಮಡಿಸಲಾಗದೆ ಒದ್ದಾಡುತ್ತ ಕವಡೆ ಹಾಕಿದ. ಎರಡು ಸಲ ಆಂಟಿ ಅವನ ಕಾಯಿ ಹೊಡೆದು ಮನೆಗೆ ಕಳಿಸಿದರು. ಮೂರನೆಯ ಸಲ ಅವನ ಕಾಯಿ ಮೂಲೆಯ ಕಟ್ಟೆಗೆ ಬಂದು ಕೂತಿತು, ಆಂಟಿಗೆ ಹೊಡೆಯಲಾಗಲಿಲ್ಲ. ಅವನು ಮಗುವಿನ ಹಾಗೆ ಕೇಕೆ ಹಾಕಿದ. ಹಾಕಿದವನು ತಟಕ್ಕನೆ ನಿಲ್ಲಿಸಿ ಆ ಮೂಲೆಯನ್ನೇ ದಿಟ್ಟಿಸಿದ. ನಾವು ಕಳಿಸಿದ್ದ ಕಲ್ಲಿನ ಫೋಟೊ ಅವನೂ ನೋಡಿದ್ದನಲ್ಲ! ತಲೆಯೆತ್ತಿ ನನ್ನನ್ನು ನೋಡಿದ. ಮನೆಸಾಲ, ಇಂಚರಾಳ ಶಾಲೆ, ಮೈಸೂರಿಗೆ ವಾಪಸು ಹೋಗಿ ಅಕ್ಕನೆದುರು ನಿಲ್ಲುವುದು, ಎಲ್ಲ ಕಣ್ಣೆದುರು ಬಂತು.

"ಈ ಮೂಲೆಯ ಗುರುತು ಯಾಕೆ?" ಎಂದು ಗ್ರೆಗ್ ಕೇಳಿದ. ರತ್ನ ಕನ್ನಡಕ್ಕೆ ತಿರುಗಿಸಿದಳು. ಆಂಟಿ ರೆಪ್ಪೆಯನ್ನೂ ಹೊಡೆಯದೆ, "ನಮ್ಮ ಕಡೆ ಮೊದಲಿಂದ್ಲೂ ಹಿಂಗೇ" ಎಂದರು. ಗ್ರೆಗ್ ಪಕ್ಕಕ್ಕೆ ತಿರುಗಿದ. "ಆಲ್ವೇಸ್, ಮೇಟ್," ಎಂದ ಸುರೇಶ್, ಹಾಲುಗಲ್ಲದ ಮಗುವಿನಂಥ ಮುಖ ಮಾಡಿ. ಹಿಂದಿನಿಂದ ವಿದ್ಯಾ, "ನಮ್ಮಜ್ಜಿ ಮನೇಲೂ ಹೀಗೇ ಇತ್ತು" ಎಂದು ಇಂಗ್ಲಿಷಿನಲ್ಲಿ ಸೇರಿಸಿದಳು. ನನ್ನ ವಿದ್ಯಾ! ಎಂಟು ಪಟಗಳ ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಗ್ರೆಗ್‌ಗೆ ಕಲ್ಲು ನೆನಪಾಗಲೆಂದೇ ಆಂಟಿ ಆ ಗುರುತು ಹಾಕಿಸಿದ್ದರೆಂದು ಆಗ ಹೊಳೆಯಿತು. ನಲವತ್ತು ಜನ ಒಬ್ಬ ಅಂಜುಬುರುಕನಿಗಾಗಿ ಒಟ್ಟಿಗೆ ಸುಳ್ಳು ಹೇಳಿದ್ದನ್ನು ನಾನು ಬದುಕಿನಲ್ಲಿ ಮೊದಲ ಸಲ ಕಂಡೆ. ಈ ಸಲ ಧೂಳು ಎನ್ನುವುದಕ್ಕೂ ಆಗಲಿಲ್ಲ, ಹಾಲ್ ಸ್ವಚ್ಛವಾಗಿತ್ತು.

ಗ್ರೆಗ್ ಸಂಜೆಯವರೆಗೆ ಆಡಿ, ಆಡಿದ್ದೆಲ್ಲ ಸೋತು, ಹೊರಡುವಾಗ ನನ್ನನ್ನು ಕಾರಿನ ಹತ್ತಿರ ಕರೆದ. "ಇದು ಜನ ಇನ್ನೂ ಆಡುವ ಆಟ ಅಂತ ನಂಗೆ ಗೊತ್ತಿರ್ಲಿಲ್ಲ. ಅದರ ಮೇಲೆ ನಾನು ಜೆಸಿಬಿ ಹತ್ತಿಸೋದಿಲ್ಲ" ಎಂದ. ಸೋಮವಾರ ಕೆಲಸ ನಿಂತಿತು, ಕಲ್ಲು ಎದ್ದಿತು. ಈಗ ಅದು ಆ ಕಟ್ಟಡದ ಬಾಗಿಲಲ್ಲೇ ಗಾಜಿನ ಹಿಂದಿದೆ. ಹೋಗುವವರು ಬರುವವರು ನಿಂತು ನೋಡುತ್ತಾರೆ. ಕೊನೆಯ ವರದಿಯಲ್ಲಿ ನಾನು ಪ್ರಾಮಾಣಿಕವಾಗಿಯೇ ಬರೆದೆ, ಆರನೆಯ ಕಟ್ಟೆ ಸೋಲುತ್ತಿದ್ದ ಯಾರೋ ಆಮೇಲೆ ಗೀಚಿದ್ದು ಎಂದು. ಗ್ರೆಗ್ ಫೋನ್ ಮಾಡಿ, "ಆ ಹಿರಿಯರು ಮೊದಲಿಂದಲೂ ಹೀಗೇ ಅಂದ್ರಲ್ಲ?" ಎಂದ. "ಅವರು ಆಗ ಆಟ ಆಡ್ತಿದ್ರು, ಗ್ರೆಗ್" ಎಂದೆ. ನಕ್ಕುಬಿಟ್ಟ. ಅವನಿಗೆ ಎಷ್ಟು ಅರ್ಥವಾಗಿತ್ತೋ ನಾನು ಕೇಳಲು ಹೋಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಟ್ಟಡ ಮುಗಿದ ಬೆನ್ನಿಗೇ, ಕಳೆದ ವಾರ, ಜೂಲಿಯ ಇಮೇಲ್ ಬಂತು. ಅಷ್ಟು ದೊಡ್ಡ ಸಂಗತಿಯನ್ನು ಸ್ವಂತ ಸಮುದಾಯದ ನಡುವೆ ನಿಂತೂ ನಾನು ಬಾಯಿಬಿಡಲಿಲ್ಲವೆಂದು ಕಟ್ಟುವವರು ಮೆಚ್ಚಿ ಬರೆದಿದ್ದಾರಂತೆ. ಆದ್ದರಿಂದ ಮುಂದಿನ ತಿಂಗಳು ಬ್ರಿಸ್ಬೇನಿಗೆ ಬಂದು, ಹೊಸದಾಗಿ ಸೇರಿದವರಿಗೆ ಗುಟ್ಟು ಕಾಪಾಡುವುದು ಹೇಗೆಂದು ನಾನೇ ಅರ್ಧ ದಿನ ಪಾಠ ಹೇಳಬೇಕಂತೆ. ಏನು ಹೇಳುವುದೆಂದು ಹೊಳೆಯದೆ ಮೂರು ದಿನ ಮನೆಯಲ್ಲಿ ಶತಪಥ ಹಾಕಿದೆ. ಕೊನೆಗೆ ಲೀಲಮ್ಮ ಆಂಟಿಯ ಮುಂದೆಯೇ ಹೋಗಿ ಕೂತು, "ಆಂಟಿ, ನಲವತ್ತು ಜನ ಅದು ಹೇಗೆ ಬಾಯಿ ಮುಚ್ಕೊಂಡಿದ್ರಿ?" ಎಂದು ಕೇಳಿದೆ.

"ಅದರಲ್ಲೇನಪ್ಪ ಇದೆ? ಹೇಳಿದ್ರೆ ನಿನ್ ಕೆಲಸ ಹೋಗ್ತಿತ್ತು, ಅದಕ್ಕೇ ಹೇಳ್ಲಿಲ್ಲ," ಎಂದರು ಆಂಟಿ, ಅವರೆಕಾಳಿನಿಂದ ಕಣ್ಣೆತ್ತದೆ. "ಸಹಿ ಹಾಕ್ಸಿದ್ದು ನಿನ್ನೊಬ್ಬನ ಹತ್ರ ತಾನೆ? ಬಾಯಿಬಿಟ್ಟೋನೂ ನೀನೊಬ್ಬನೇ."

ಪಾಠದ ಮೊದಲ ಸಾಲಾಗಿ ಆಂಟಿಯ ಮೊದಲ ಮಾತನ್ನೇ ಬರೆದುಕೊಂಡೆ. ಯಾರು ಹೇಳಿದ್ದು ಎಂದು ಮಾತ್ರ ಬರೆಯಲಿಲ್ಲ.