ಗದಿಗೆಪ್ಪನ ಕಾಂಟೆಸ್ಸಾ ವಿಜಯ

ಎಲೈ ತುಕ್ಕಿನ ಅಧಿದೇವತೆಯೇ, ಉಕ್ಕನ್ನು ಅವಸರವಿಲ್ಲದೆ ಕಣಕಣವಾಗಿ ಸವಿಯುವ ಮಹಾಭೋಜನಪ್ರಿಯೆಯೇ, ಒಂದು ಗಳಿಗೆ ನನ್ನ ನಾಲಗೆಯ ಮೇಲೆ ಕುಳಿತು ಹೋಗು; ಹೆಚ್ಚು ಹೊತ್ತು ಕೂರಬೇಡ, ನಿನ್ನ ಗುಣ ಬಲ್ಲೆ. ಹೊಸದನ್ನು ಕಂತಿನಲ್ಲಿ ಕೊಂಡು ಹಳೆಯದಕ್ಕಾಗಿ ಕಣ್ಣೀರಿಡುವ ಈ ಕಲಿಕಾಲದಲ್ಲಿ, ಸುಗ್ಗಿ ಬಂದರೆ ಊರಿಗೆ ಊರೇ ಸೀನುವ ಬ್ಯಾಡಗಿಯೆಂಬ ಪಟ್ಟಣದಲ್ಲಿ, ಮೆಣಸಿನಕಾಯಿ ದಲಾಲಿ ದಿವಂಗತ ಕೊಟ್ರಬಸಪ್ಪನವರ ಜ್ಯೇಷ್ಠಪುತ್ರನೂ, ಅಖಿಲಪುರಾತನವಾಹನಮೌಲ್ಯನಿರ್ಣಯಧುರಂಧರನೂ, ಆದರೆ ಸ್ವಂತಕ್ಕೆ ಒಂದು ಸ್ಕೂಟರು ಮಾತ್ರ ಉಳ್ಳವನೂ ಆದ ಗದಿಗೆಪ್ಪನು ಒಡಹುಟ್ಟಿದ ತಮ್ಮನ ಎದುರು ನಡೆಸಿದ ಘೋರ ಸಮರವನ್ನು ನಾನೀಗ ಹೇಳಬೇಕಾಗಿದೆ. ಕಪ್ಪಿನಿಂದ ಬಸಿಗೆ ಸುರಿದಿಟ್ಟ ಚಹಾ ಆರುವಷ್ಟರಲ್ಲಿ ಅದು ಮುಗಿದುಹೋಯಿತು.

ಸಮರದ ಕಾರಣ ಒಂದು ಕಾರು. ಮನೆ, ಹೊಲ, ಅಂಗಡಿ ಎಲ್ಲವೂ ಜಗಳವಿಲ್ಲದೆ ಹಂಚಿಹೋಗಿದ್ದವು. ಉಳಿದದ್ದು ಮುಂದಿನ ಅಂಗಳ, ಒಂದಿಷ್ಟು ಚಿಲ್ಲರೆ ಸಾಮಾನು, ಮತ್ತು ಅಂಗಳದಂಚಿನ ಶೆಡ್ಡಿನಲ್ಲಿ ತಾಡಪಾಲು ಹೊದ್ದು ಮಲಗಿದ್ದ ಅಪ್ಪನ ಕರಿಯ ಕಾಂಟೆಸ್ಸಾ. ಒಂದು ಕಾಲಕ್ಕೆ ಅದು ಮಾರುಕಟ್ಟೆಯ ಬೀದಿಗೆ ಇಳಿದರೆ ಹಮಾಲರು ಚೀಲ ಹೊತ್ತುಕೊಂಡೇ ತಿರುಗಿ ನೋಡುತ್ತಿದ್ದರು. ಅಮೆರಿಕದಲ್ಲಿ ಮಸಲ್ ಕಾರು ಎಂಬ ಅಗಲೆದೆಯ ಜಾತಿಯೊಂದಿದೆಯೆಂದೂ, ನಮ್ಮ ದೇಶದಲ್ಲಿ ಆ ಕುಲದ ಹತ್ತಿರದ ಸಂಬಂಧಿ ಕಾಂಟೆಸ್ಸಾವೇ ಎಂದೂ ಗದಿಗೆಪ್ಪ ಮೊಬೈಲಿನಲ್ಲಿ ವ್ಯಾಸಂಗ ಮಾಡಿ ಅರಿತಿದ್ದ. ಬಣ್ಣ ಮೂಲದ್ದೋ ಮೇಲೆ ಬಳಿದದ್ದೋ, ಬಾಗಿಲ ಸಂದು ಮೇಲೂ ಕೆಳಗೂ ಒಂದೇ ಅಗಲವಿದೆಯೋ, ಎಂಜಿನ್ ನಂಬರು ಕಾಗದದ ನಂಬರಿಗೆ ಕೂಡುತ್ತದೋ, ಮೈಯಲ್ಲಿ ತಗಡೆಷ್ಟು, ತೂತು ಮುಚ್ಚಲು ಮೆತ್ತಿದ ಪುಟ್ಟಿಯೆಷ್ಟು, ಇವನ್ನೆಲ್ಲ ನೋಡಿ ಕಾರಿಗೆ ಬೆಲೆ ಕಟ್ಟುವ ವಿದ್ಯೆ ಅವನಿಗೆ ಕರತಲಾಮಲಕ. ಕಾಣದ ಊರುಗಳ ಕಾಣದ ಕಾರುಗಳಿಗೆಲ್ಲ ಬೆಲೆ ಕಟ್ಟಿದ್ದ. ಆ ಕಾರುಗಳ ಮಾಲೀಕರಿಗೆ ಮಾತ್ರ ಈ ಸಂಗತಿ ತಿಳಿದಿರಲಿಲ್ಲ.

ಬೆಲೆಯ ಮಾತು ಮೇಲಿನದು. ಒಳಗಿನದು ಬೇರೆ. ಅಪ್ಪ ಕಾರು ಹೊರಗೆ ತೆಗೆಯುವಾಗ ಎರಡು ಸಲ ಹಾರನ್ ಹೊಡೆಯುತ್ತಿದ್ದರು. ಆಗ ಗದಿಗೆಪ್ಪ ಓಡಿಹೋಗಿ ಗೇಟು ತೆಗೆಯಬೇಕು, ಕಾರು ಹೊರಗೆ ಹೋದ ಮೇಲೆ ಗೇಟು ಹಾಕಬೇಕು, ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ತಮ್ಮ ಮುರಿಗೇಶ ಕೂತಿರುತ್ತಿದ್ದ. ದೊಡ್ಡವನೆಂದು ಗೇಟಿನ ಕೆಲಸ, ಸಣ್ಣವನೆಂದು ಸೀಟು. ದೊಡ್ಡವನಾದ ಮೇಲೂ ಅವನಿಗೆ ಸ್ಟಿಯರಿಂಗ್ ಸಿಗಲಿಲ್ಲ, ಗೇಟು ತಪ್ಪಲಿಲ್ಲ. ತಲೆ ನರೆತರೂ ಆ ಹೊಟ್ಟೆಯುರಿ ಆರಿರಲಿಲ್ಲ. ಆ ಕಾರು ಅವನಿಗೆ ಬೇಕಾಗಿತ್ತು, ಬೇಕೇ ಬೇಕಾಗಿತ್ತು.

ಆದರೆ ಪಾಲಿನ ಪದ್ಧತಿ ಅಡ್ಡ ನಿಂತಿತ್ತು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಎತ್ತಿಕೊಳ್ಳಬೇಕು. ಹಂಚುವವನ ಕೈ ನೆಟ್ಟಗಿರಲಿ ಎಂದು ಹಿರೀಕರು ಮಾಡಿದ ವ್ಯವಸ್ಥೆ ಇದು. ಇದನ್ನು ಕಾಯಲೆಂದೇ ಸೋದರಮಾವ ಬಾಳಪ್ಪ ಬೆಳಗಿನಿಂದ ಬಂದು ಬೇವಿನ ಕಟ್ಟೆಯ ಮೇಲೆ ಆಸೀನನಾಗಿದ್ದ. ಗದಿಗೆಪ್ಪ ಬಹಳ ಯೋಚಿಸಿ ವ್ಯೂಹ ರಚಿಸಿದ. ಒಂದನೇ ಪಾಲು: ಕಾಂಟೆಸ್ಸಾ ಮತ್ತು ಶೆಡ್ಡು. ಎರಡನೇ ಪಾಲು: ಅಪ್ಪನ ತೂಗುಮಂಚ. ಅಷ್ಟಕ್ಕೇ ತಮ್ಮ ಬಲೆಗೆ ಬೀಳಲಾರನೆನ್ನಿಸಿ ಹಳೆಯ ತಕ್ಕಡಿ ಸೇರಿಸಿದ. ಇನ್ನೂ ಸಮಾಧಾನವಾಗದೆ ಬೇವಿನ ಮರವನ್ನೂ, ಮರದ ಸುತ್ತಲಿನ ಅಂಗಳವನ್ನೂ, ಅಂಗಳ ಮುಗಿಯುವಲ್ಲಿನ ಕಬ್ಬಿಣದ ಗೇಟನ್ನೂ ಉದಾರಹಸ್ತದಿಂದ ಅದಕ್ಕೇ ಹಾಕಿದ.

ಇನ್ನು ಉಳಿದದ್ದು ಕಾರನ್ನು ಹೀಯಾಳಿಸುವ ಕಾರ್ಯ. ‘ಎಲವೋ ಕನಿಷ್ಠನೇ, ಈ ಲೋಹಕಳೇಬರವನ್ನು ಬಯಸಿ ಕುಲಕ್ಷಯಕ್ಕೆ ಕಾರಣನಾಗಬೇಡ’ ಎಂದು ಗರ್ಜಿಸುವ ಮುಖಮಾಡಿ, ತಾಡಪಾಲನ್ನು ಸರ್ರನೆ ಎಳೆದು, ಎದ್ದ ಧೂಳಿನಲ್ಲಿ ಒಂದು ಕ್ಷಣ ಅದೃಶ್ಯನಾಗಿ, ಮತ್ತೆ ಪ್ರತ್ಯಕ್ಷನಾಗಿ, ಗದಿಗೆಪ್ಪ ಅಂದದ್ದು ಇಷ್ಟು:

“ನೋಡಪಾ ತಮ್ಮಾ, ನಾಳೆ ನನ್ನ ಅನಬ್ಯಾಡ, ಈಗ ಹೇಳಾಕತ್ತೀನಿ. ಇದು ಗಾಡಿ ಅಲ್ಲ. ಗುಜರಿಯವ ಸೈತ ಇದನ್ನ ಮುಟ್ಟೂದಿಲ್ಲ.”

“ಹೌದೇನಣ್ಣಾ?” ಅಂದ ಮುರಿಗೇಶ.

“ಹೌದು ಮತ್ತ. ಮೈ ತುಂಬ ಪುಟ್ಟಿ ಬಡದಾರ. ತಗಡು ಎಲ್ಲೈತಿ ಇದರಾಗ?”

ಇದು ಸುಳ್ಳೆಂದು ಗದಿಗೆಪ್ಪ ಮನಸಾರೆ ನಂಬಿದ್ದ. ಸುಳ್ಳನ್ನು ಸಿದ್ಧಮಾಡಿ ತೋರಿಸಲೆಂದೇ, ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವೆಂಬ ದಿವ್ಯಾಸ್ತ್ರವನ್ನು ನಾಲ್ಕು ಮಡಿಕೆಯ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಅಯಸ್ಕಾಂತ ಪುಟ್ಟಿಗೆ ಅಂಟದು; ಬಟ್ಟೆ ದಪ್ಪವಿದ್ದರೆ ತಗಡಿಗೂ ಅಂಟದು, ಹುಡುಗಾಟದ ಮೋಸ. ಬಾಗಿಲಿಗೆ ಹಚ್ಚಿದ, ಅಸ್ತ್ರ ಟಪ್ಪನೆ ಕೆಳಗೆ ಬಿತ್ತು. ಒಳಗೊಳಗೇ ಹಿಗ್ಗಿದ. ಬಾಳಪ್ಪ ಮಾವ ಕಟ್ಟೆಯ ಮೇಲಿಂದ, “ಅರಿವಿ ಬಿಚ್ಚಿ ಹಚ್ಚೋ,” ಅಂದ. ಗದಿಗೆಪ್ಪ ವಿಧಿಯಿಲ್ಲದೆ ಕರವಸ್ತ್ರ ಬಿಚ್ಚಿ ಹಚ್ಚಿದ. ಬರೀ ಅಯಸ್ಕಾಂತವೂ ಟಪ್ಪನೆ ಬಿತ್ತು.

ಹಿಂದಿನ ಚಕ್ರದ ಮೇಲೆ ಹಚ್ಚಿದ, ಬಿತ್ತು. ಡಿಕ್ಕಿಗೆ ಹಚ್ಚಿದ, ಜಾರಿತು. ಅಪ್ಪ ದಸರೆಗೊಮ್ಮೆ ಟಿಂಕರಿಂಗ್ ಅಂಗಡಿಗೆ ಕಾರು ಒಯ್ದು ಥಳಥಳ ಹೊಳೆಸಿ ತರುತ್ತಿದ್ದ ರಹಸ್ಯ ಅವನಿಗೆ ಈಗ ತಿಳಿಯಿತು. ವರ್ಷಕ್ಕೊಂದು ಪದರದಂತೆ ಕಾಂಟೆಸ್ಸಾ ಹೋಗಿ, ಕಾಂಟೆಸ್ಸಾದ ಆಕಾರದ ಪುಟ್ಟಿ ಉಳಿದಿತ್ತು. ಕಣ್ಣು ಮಂಜಾದವು. ಆದರೆ ತನ್ನ ವಾದವೇ ಗೆಲ್ಲುತ್ತಿರುವಾಗ ಅಳುವುದು ಯಾವ ನ್ಯಾಯ? “ಹೇಳಿದ್ನಿಲ್ಲ?” ಅಂದ.

“ಗಾಡಿ ನೆಲಾನೂ ಪೂರಾ ಹೋಗೈತಿ,” ಎಂದು ಮುಂದುವರಿದು, ಇದಂತೂ ಶುದ್ಧ ಸುಳ್ಳೆಂಬ ಧೈರ್ಯದ ಮೇಲೆ, ಬಾಗಿಲು ತೆಗೆದು ಮ್ಯಾಟಿನ ಮೇಲೆ ವೀರಪಾದವನ್ನು ಅಪ್ಪಳಿಸಿದ. ಮ್ಯಾಟು, ನೆಲ, ಚಪ್ಪಲಿ, ಪಾದ, ಎಲ್ಲವೂ ಕೂಡಿಯೇ ಶೆಡ್ಡಿನ ಮಣ್ಣು ಮುಟ್ಟಿದವು. ಅಂದು ಅವನ ಬಾಯಿಂದ ಬಂದ ಸುಳ್ಳೆಲ್ಲ ನಿಜವಾಗುತ್ತಿತ್ತು. ಋಷಿಗಳಿಗೆ ತಪಸ್ಸಿನಿಂದ ಒದಗುವ ವಾಕ್‌ಸಿದ್ಧಿ ಗದಿಗೆಪ್ಪನಿಗೆ ಕಪಟದಿಂದ ಒದಗಿತ್ತು. ಕಾಲು ಬಿಡಿಸಿಕೊಳ್ಳಲು ತಮ್ಮನೇ ಕೈ ಕೊಟ್ಟ.

“ಬೆಲಿ ಎಷ್ಟು ಕಟ್ತಿ ಹಂಗಾರ?” ಎಂದು ಮಾವ ಕೇಳಿದ.

ಮೌಲ್ಯನಿರ್ಣಯಧುರಂಧರನು ಬಾಯಿ ತೆರೆದ. ಪುಣೆಯಲ್ಲಿ ಹೋದ ದರ, ಕೊಯಮತ್ತೂರಿನಲ್ಲಿ ಹೋದ ದರ, ಎಲ್ಲ ಕಣ್ಮುಂದೆ ಬಂದು ಈ ಪುಟ್ಟಿಯ ಗುಡ್ಡೆಯನ್ನು ಕಂಡು ಮುಖ ತಿರುಗಿಸಿಕೊಂಡು ಹೋದವು. “ಏನೂ ಇಲ್ಲ ಮಾವಾ,” ಅಂದ. ಅವನ ಜೀವಮಾನದಲ್ಲಿ ಕಟ್ಟಿದ ಬೆಲೆಗಳಲ್ಲಿ ಸರಿಯಾದದ್ದು ಅದೊಂದೇ.

ಮುರಿಗೇಶ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತ. ಮೆಲ್ಲಗೆ ಸವರಿದ. ಪುಟ್ಟಿಯ ಗುಡ್ಡೆಯಾದರೂ ಸರಿ, ಎಲ್ಲಿ ತಮ್ಮ ಅದನ್ನೇ ಎತ್ತಿಕೊಳ್ಳುತ್ತಾನೋ ಎಂದು ಗದಿಗೆಪ್ಪ ಆ ಕೈಯನ್ನೇ ನೋಡಿದ.

“ಅಣ್ಣಾ, ಅಪ್ಪ ವ್ಯಾಪಾರ ಹೆಂಗ ಮಾಡ್ತಿದ್ದ, ನೆನಪೈತೇನು?” ಅಂದ. “ಚಲೋ ಮಾಲು ಕಂಡ್ರ ಮುಟಗಿ ಮೆಣಸಿನಕಾಯಿ ಹಿಡದು ಮುರದು, ಮೂಸಿ, ಥೂ ಅಂತಿದ್ದ. ಬಣ್ಣಿಲ್ಲ, ಘಾಟಿಲ್ಲ, ಬರೇ ಬೀಜ ಅಂತಿದ್ದ. ಬ್ಯಾಡಾದ ಮಾಲಿದ್ರ ಸುಮ್ನ ಮುಂದ ಹೋಗ್ತಿದ್ದ. ಮಾಲು ಎಷ್ಟು ಬೇಕೋ ಅಷ್ಟು ಜಾಸ್ತಿ ಬೈಯಾವ.”

ಗದಿಗೆಪ್ಪನ ಮೋರೆ ಹಣ್ಣುಮೆಣಸಿನಕಾಯಿಯಾಯಿತು. ಬೇಕಾದ ಮಾಲನ್ನು ಬೈಯುವ ವಿದ್ಯೆಯನ್ನು ತಾನು ಅಪ್ಪನ ಅಂಗಡಿಯ ಯಾವ ಗಾದಿಯ ಮೇಲೆ ಕಲಿತನೋ ಅದೇ ಗಾದಿಯ ಮೇಲೆ, ಪಕ್ಕದಲ್ಲೇ ಕೂತು ತಮ್ಮನೂ ಕಲಿತಿದ್ದನೆಂಬುದನ್ನು, ಇಷ್ಟೆಲ್ಲ ವ್ಯೂಹ ಹೆಣೆದ ಆ ಸೇನಾನಿ ಮರೆತೇಬಿಟ್ಟಿದ್ದ.

“ನೀ ಇಷ್ಟು ಬೈದಿ ಅಂದ್ರ…” ಎಂದು ಮುರಿಗೇಶ ನಕ್ಕ. “ನನಗ ಎರಡನೇ ಪಾಲಿರಲಿ ಮಾವಾ. ಮುಂದಿನ ಸೀಟಿನ್ಯಾಗ ನಾ ಕುಂತದ್ದು ಸಾಕು. ಗಾಡಿ ಅಣ್ಣಂದು.”

ಹೀಗೆ ಗದಿಗೆಪ್ಪ ಗೆದ್ದ. ದೇವತೆಗಳು ಹೂಮಳೆ ಸುರಿಸಬೇಕಿತ್ತು; ಬೇವಿನ ಮರದಿಂದ ನಾಲ್ಕು ಹಣ್ಣೆಲೆ ಉದುರಿದವು. ಮಾವ ಆರಿದ ಚಹಾ ಕುಡಿದು ಊರ ಬಸ್ಸು ಹಿಡಿಯಲು ಹೋದ. ವಿಜೇತನು ಗಂಭೀರ ನಡೆಯಿಂದ ಬಂದು, ನೆಲದ ತೂತು ತಪ್ಪಿಸಿ ಕಾಲಿಟ್ಟು, ಜೀವನದಲ್ಲಿ ಮೊದಲ ಸಲ ಅಪ್ಪನ ಸೀಟಿನಲ್ಲಿ ಕುಳಿತು ಸ್ಟಿಯರಿಂಗ್ ಹಿಡಿದ. ಬಹಳ ಸುಖವಾಯಿತು. ಮುಂದೆ ನೋಡಿದ. ಅಂಗಳ, ತಮ್ಮನದು. ಅಂಗಳದಾಚೆ ಗೇಟು, ಅದೂ ತಮ್ಮನದು. ತಾನೇ ಕೊಟ್ಟದ್ದು. ತಮ್ಮ ಬಿಟ್ಟರಷ್ಟೇ ಕಾರು ಹೊರಗೆ.

ಹಾರನ್ ಒತ್ತಿದ. ಬ್ಯಾಟರಿ ಇಲ್ಲದ ಕಾರು ತುಟಿ ಪಿಟ್ಟೆನ್ನಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಐವತ್ತು ದಾಟಿದ ಆ ಮಹಾರಥಿ ಬಾಯಿಂದಲೇ, ಸಣ್ಣ ದನಿಯಲ್ಲಿ, ಪೋಂ ಪೋಂ ಅಂದ.

ಮುರಿಗೇಶನಿಗೆ ಕೇಳಿಸಿತು. ತೂಗುಮಂಚದ ಸರಪಳಿ ಬಿಚ್ಚುತ್ತಿದ್ದವನು ಅದನ್ನು ಕೈಬಿಟ್ಟು ಓಡಿದ. ಗೇಟಿನ ಎರಡೂ ಬಾಗಿಲು ಅಗಲವಾಗಿ ತೆರೆದು, ಮೊದಲೆಲ್ಲ ಅಣ್ಣ ನಿಲ್ಲುತ್ತಿದ್ದ ಜಾಗದಲ್ಲೇ ಬದಿಗೆ ಸರಿದು ನಿಂತ.

“ತಗದೀನಣ್ಣಾ. ನಡಿ.”

ಗದಿಗೆಪ್ಪ ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಿದ. ಕಾರು ಎಲ್ಲಿತ್ತೋ ಅಲ್ಲೇ ಇತ್ತು. ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡುತ್ತ ಇದ್ದರು, ಗೇಟು ತೆರೆದೇ ಇತ್ತು. ಆ ದಾರಿಯಲ್ಲಿ ಓಣಿಯ ಕೆಂಚನಾಯಿ ಒಳಗೆ ಬಂದು, ನೀಲವ್ವ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ನೆಟ್ಟಗೆ ನಡೆಯಿತು. ನೀಲವ್ವ ಮುರಿಗೇಶನ ಹೆಂಡತಿ. ಅಡುಗೆಮನೆಯ ಕಿಟಕಿಯಿಂದ ಅವಳು ನೋಡಿದಳು. ಮುರಿಗೇಶ ಕೋಲು ಹಿಡಿದು ನಾಯಿಯ ಹಿಂದೆ ಬಿದ್ದ.

“ಭಾವಾರ,” ಎಂದು ನೀಲವ್ವ ಕೂಗಿದಳು, “ಸುಮ್ನ ಕುಂತೀರಲ್ರೀ, ಆ ಗೇಟರ ಹಾಕ್ರಿ. ಇನ್ನೊಂದು ಬರತೈತಿ.”

ಕಾಂಟೆಸ್ಸಾವಿಜಯಿ ಗದಿಗೆಪ್ಪ ಬಾಗಿಲನ್ನು ಭುಜದಿಂದ ನೂಕಿ ತೆಗೆದು ಕೆಳಗಿಳಿದು, ಅಂಗಳ ದಾಟಿ ಹೋಗಿ ಗೇಟು ಹಾಕಿದ. ಚಿಲಕ ಎಲ್ಲಿದೆಯೆಂದು ನೋಡಬೇಕಾಗಲಿಲ್ಲ, ಕೈಗೆ ಗೊತ್ತಿತ್ತು.