ಒಳಕ್ಕೆ ತೆರೆಯುವ ಕಿಟಕಿ

ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರೆ. ನನ್ನ ದುರ್ದೈವವೆಂದರೆ, ಶಾಸ್ತ್ರ ಹೇಳಿ ಬದನೆಕಾಯಿಯನ್ನೂ ಬಿಟ್ಟವನು ನಾನು. ಗೋಕಾಕದಲ್ಲಿ ನಾನು ಮುನಸಿಪಾಲಿಟಿಯ ಕಾರಕೂನ. ಓಣಿಗೆ ಮುಖ ಮಾಡಿದ ಕಿಟಕಿಯ ಕದಗಳು ಹೊರಕ್ಕೆ ತೆರೆಯಬಾರದು, ಚಕ್ಕಡಿಯವರ ತಲೆಗೆ ಬಡಿಯುತ್ತವೆ ಎಂಬ ಕಾಯ್ದೆಯನ್ನು ಊರಿಗೆಲ್ಲ ಹೇಳುವುದು ನನ್ನ ಕೆಲಸ. ಹೇಳಿ ಹೇಳಿ ನನಗೆ ಅದರ ಮೇಲೆ ಒಂದು ಬಗೆಯ ಮಮತೆಯೇ ಹುಟ್ಟಿತ್ತು.

ಓಣಿಯ ಕಡೆಗಿದ್ದ ನಮ್ಮ ಅಡುಗೆಮನೆಯ ಹಳೆಯ ಕಿಟಕಿ ಗೆದ್ದಲು ಹಿಡಿದು ತೆರೆಯದಂತಾಗಿತ್ತು. ಹೆಂಡತಿ ಗೌರವ್ವ ರೊಟ್ಟಿ ಬಡಿದು ಎದ್ದರೆ ಅವಳ ಕಣ್ಣು ಕೆಂಡದಂತೆ ಕೆಂಪಗಾಗುತ್ತಿದ್ದವು. ಹೊಗೆ ತಪ್ಪಿಸದಿದ್ದರೆ ದೃಷ್ಟಿಯೇ ಹೋದೀತೆಂದು ಡಾಕ್ಟರರು ಹೆದರಿಸಿದರು. ಬಡಿಗೇರ ಕಲ್ಲಪ್ಪನನ್ನು ಕರೆಸಿ ಹೊಸ ಕಿಟಕಿ ಕೂಡಿಸಲು ಹೇಳಿದೆ, ಕದ ಒಳಕ್ಕೇ ತೆರೆಯುವಂತೆ. "ಒಳಗ ತೆರದ್ರ ನಾ ಎಲ್ಲಿ ಕುಂದರ್ಲ್ರಿ?" ಎಂದಳು ಗೌರವ್ವ. "ಕಾಯ್ದೆ ಅಂದ್ರ ಕಾಯ್ದೆ" ಎಂದು ತಲೆಯ ಪಟಗಾ ಸರಿಪಡಿಸಿಕೊಂಡು ಕಚೇರಿಗೆ ಹೋದೆ.

ಕಿಟಕಿ ಚೆಂದವಾಗಿಯೇ ಆಯಿತು. ಆದರೆ ತೆರೆದರೆ ಒಂದು ಕದ ಒಲೆಯ ಮೇಲೆ ಬರುತ್ತಿತ್ತು, ಇನ್ನೊಂದು ಅವಳ ನೆತ್ತಿಗೆ ತಾಗುತ್ತಿತ್ತು. ಮುಚ್ಚಿದರೆ ಮತ್ತೆ ಅದೇ ಹೊಗೆ. ಒಲೆ ಸರಿಸೋಣವೆಂದರೆ ನಮ್ಮದು ಇಬ್ಬರು ಕೂತರೆ ತುಂಬಿಹೋಗುವ ಅಡುಗೆಮನೆ. ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಹೇಗೆ ಎಂದು ನಾನೊಂದು ಸಲಹೆ ಕೊಟ್ಟೆ. ಅವಳು ಹಿಟ್ಟಿನ ಕೈ ಝಾಡಿಸಿ ಎದ್ದಳು. "ಬರ್ರಿ, ಇಲ್ಲಿ ಕುಂದರ್ರಿ. ಒಂದ ರೊಟ್ಟಿ ನೀವ ಬಡದ ತೋರಸ್ರಿ."

ಕೂತೆ. ರೊಟ್ಟಿ ಯಾವ ಆಕಾರಕ್ಕೆ ಬಂತೆಂದು ಕಾಣಲಿಲ್ಲ, ಏಕೆಂದರೆ ಏನೂ ಕಾಣಲಿಲ್ಲ. ಇಷ್ಟು ವರ್ಷ ಇವಳು ಈ ಹೊಗೆಯಲ್ಲೇ ಕೂತು ನನಗೆ ಬಿಸಿರೊಟ್ಟಿ ಹಾಕಿದಳಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಆಗ ಅವಳೇ ಮೆಲ್ಲಗೆ ಕೇಳಿದಳು: "ಕದಾ ಹೊರಗ ತೆರೀಬಾರದು ಅಂತ ಕಾಯ್ದೇದಾಗ ಐತಿ, ಖರೆ. ಕದಾ ಇರಬೇಕು ಅಂತ ಐತೇನ್ರಿ?"

ಇರಲಿಲ್ಲ. ಸಂಜೆಯೇ ಕಲ್ಲಪ್ಪ ಬಂದು ಕದ ಕಳಚಿದ; ಕಬ್ಬಿಣದ ಸಳಿಗಳಷ್ಟೇ ಉಳಿದವು. ಹೊಗೆ ಹೊರಟುಹೋಯಿತು, ಅವಳ ಕಣ್ಣು ತಿಳಿಯಾದವು, ನನ್ನ ಜೀವ ತಣ್ಣಗಾಯಿತು.

ಆದರೆ ಈಗ ಹೊಗೆಯ ಸಂಗಡ ನನ್ನ ಬಗೆಗಿನ ಅವಳ ಅಭಿಪ್ರಾಯಗಳೂ ಧಾರಾಳವಾಗಿ ಓಣಿಗೆ ಹೋಗುತ್ತವೆ. ಮೊನ್ನೆ ಎದುರುಮನೆಯ ದೇವಪ್ಪಣ್ಣ ನಡುಬೀದಿಯಲ್ಲೇ ನಿಲ್ಲಿಸಿ, "ಏನ್ರಿ ಸಾಹೇಬ್ರ, ಇವತ್ತೂ ಉಪ್ಪು ತರೂದು ಮರತ್ರಂತಲ್ಲ?" ಎಂದು ಕೇಳಿದ. ಕಚೇರಿಗೆ ಹೋಗಿ ಕಾಯ್ದೆಯನ್ನೆಲ್ಲ ಜಾಲಾಡಿದೆ. ಹೆಂಡತಿಯ ಮಾತು ಕಿಟಕಿಯಿಂದ ಹೊರಬೀಳಬಾರದೆಂಬ ಕಲಮು ಎಲ್ಲೂ ಇಲ್ಲ. ಇಲ್ಲದ್ದೇ ಒಳ್ಳೆಯದಾಯಿತು; ಇದ್ದಿದ್ದರೆ ಅದನ್ನು ಅವಳಿಗೆ ಓದಿ ಹೇಳಬೇಕಾದ ಕಾರಕೂನ ನಾನೇ.