ಪೂಜೆಯಾದ ಪ್ಲೇಟು ಎಡಕ್ಕೆ

ಮನುಷ್ಯ ನೆಮ್ಮದಿಯಿಂದ ಮುದುಕನಾಗಬೇಕಾದರೆ ತಾನು ಕಾರಣನಲ್ಲದ ಒಂದು ಸೋಲು ಅವನ ಬಳಿ ಇರಬೇಕು. ಗೆದ್ದದ್ದನ್ನು ಎಷ್ಟು ಸಲ ಹೇಳಲಾದೀತು? ಎರಡನೇ ಸಲಕ್ಕೇ ಕೇಳುವವರು ಗಡಿಯಾರ ನೋಡುತ್ತಾರೆ. ಅನ್ಯಾಯವಾಗಿ ಸೋತದ್ದನ್ನು ಮಾತ್ರ ಎಷ್ಟು ಸಲ ಹೇಳಿದರೂ ಜನ ‘ಅಯ್ಯೋ ಪಾಪ’ ಎನ್ನುತ್ತಾರೆ, ಕಾಫಿಯನ್ನೂ ಕೊಡಿಸುತ್ತಾರೆ. ನನ್ನ ಬಳಿ ಅಂಥದ್ದೊಂದು ಸೋಲಿತ್ತು, ಮೂವತ್ತು ವರ್ಷ ಬಾಳಿಕೆ ಬಂತು. ಹೋದ ತಿಂಗಳು ನನ್ನ ಮಗಳು ಸುಷ್ಮಾ ಅದನ್ನು ತಕ್ಕಡಿಯ ಮೇಲಿಟ್ಟಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತವನು. ಈಗ ನಾಯಂಡಹಳ್ಳಿಯಲ್ಲಿ ಸ್ವಂತ ಶಾಪಿದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ನನ್ನ ಬಾಗಿಲು ದಾಟುವುದಿಲ್ಲ. ಈ ಮಾತನ್ನು ನಾನೇ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿರುತ್ತೇನೆ. ವಯಸ್ಸಿನಲ್ಲಿ ಬಾಪೂಜಿ ನಗರದ ಗರಡಿಯಲ್ಲಿ ಪವರ್‌ಲಿಫ್ಟಿಂಗ್ ಮಾಡುತ್ತಿದ್ದೆ. ಆಗ ನಮಗೆ ಬೆಲ್ಟು ಹೊಲಿದುಕೊಡುತ್ತಿದ್ದವನು ಚಪ್ಪಲಿ ಹೊಲಿಯುವ ಅಣ್ಣ. ಮಂಡಿಗೆ ಸುತ್ತಿಕೊಳ್ಳುವ ಪಟ್ಟಿ ಟೈಲರ್ ಅಂಗಡಿಯ ಉಳಿಕೆ ಬಟ್ಟೆಯದು. ಶಾಲೆ ಬಿಟ್ಟ ಮೇಲೆ ನಾನು ಸೀಮೆಸುಣ್ಣ ಮುಟ್ಟಿದ್ದು ಬಾರ್ ಜಾರದಂತೆ ಅಂಗೈಗೆ ಉಜ್ಜಿಕೊಳ್ಳಲು ಮಾತ್ರ. ಮೇಷ್ಟ್ರ ಕೈಯಲ್ಲಿ ಅದರಿಂದ ನನಗೆ ಆಗದ ಉಪಕಾರ ಆಗ ಆಯಿತು. ಸ್ಪರ್ಧೆಯ ಹಿಂದಿನ ದಿನ, ನಮ್ಮ ತೂಕದ ವಿಭಾಗಕ್ಕೆ ಹೊಂದುವಂತೆ ದೇಹದ ತೂಕ ಇಳಿಸಲು ನೀರು ಕುಡಿಯದೆ, ಕಂಬಳಿ ಹೊದ್ದು, ಬಿಸಿಲಲ್ಲಿ ಓಡುತ್ತಿದ್ದೆವು. ತೂಕ ಬರೆಸಿದ ಮರುಗಳಿಗೆ ಡಜನ್ ಬಾಳೆಹಣ್ಣು, ಅದರ ಮೇಲೆ ಮೊಸರನ್ನ. ಆ ಮೊಸರನ್ನದ ರುಚಿ ಆಮೇಲೆ ಯಾವ ಮದುವೆ ಊಟದಲ್ಲೂ ನನಗೆ ಸಿಕ್ಕಿಲ್ಲ. ಇದನ್ನು ಹೆಂಡತಿಯ ಎದುರು ಹೇಳುವ ಹಾಗಿಲ್ಲ.

ಬಾರ್‌ನ ಎರಡು ತುದಿಗೆ ಏರಿಸಲು ಗರಡಿಗೆ ಇಪ್ಪತ್ತು ಕಿಲೋದ ಎಂಟು ಕಬ್ಬಿಣದ ಪ್ಲೇಟು ಮಾಡಿಕೊಟ್ಟವನೂ ನಾನೇ. ಮೊದಲು ಮಾಡಿದ ನಾಲ್ಕನ್ನು ನಮ್ಮ ಉಸ್ತಾದರು ಆಂಜನೇಯನ ಪಟದ ಮುಂದಿಟ್ಟು ಆಯುಧಪೂಜೆ ಮಾಡಿಸಿದರು. “ಪೂಜೆ ಆಗಿರೋದು ಯಾವಾಗ್ಲೂ ಎಡಕ್ಕೇ ಹಾಕ್ಬೇಕು ಕಣ್ರೋ, ಹೃದಯ ಇರೋ ಕಡೆ,” ಎಂದು ಅಪ್ಪಣೆಯಾಯಿತು. ಅಲ್ಲಿಂದ ಮುಂದೆ ಕುಂಕುಮ ಹಚ್ಚಿದ ನಾಲ್ಕು ಎಡಕ್ಕೆ, ಉಳಿದ ನಾಲ್ಕು ಬಲಕ್ಕೆ. ಒಂದು ದಿನವೂ ತಪ್ಪಲಿಲ್ಲ.

ಇಪ್ಪತ್ತು ಕಿಲೋದ ಬಾರ್, ಆ ಎಂಟು ಪ್ಲೇಟು, ಎರಡೂ ತುದಿಗೆ ಒಂದೊಂದು ಹತ್ತು ಕಿಲೋದ ಚಿಕ್ಕ ಪ್ಲೇಟು ಸೇರಿಸಿ ನೆಲದಿಂದ ಇನ್ನೂರು ಕಿಲೋ ಎತ್ತಿ ನಿಲ್ಲುತ್ತಿದ್ದೆ. ದೊಡ್ಡ ಸ್ಪರ್ಧೆಗೆ ಹೋದಾಗ ಅದೇ ಇನ್ನೂರು ಎಡಕ್ಕೆ ಮೇಲೆದ್ದು ಬಲಕ್ಕೆ ಅಲ್ಲೇ ಉಳಿಯಿತು. ನಾನು ತಿರುಪಿನಂತೆ ತಿರುಚಿಕೊಂಡೆ. ಮೂವರು ರೆಫರಿಗಳ ಮೂರು ಬಲ್ಬಿನಲ್ಲಿ ಎರಡು ಕೆಂಪಾದವು. ಪದಕ ಹೋಯಿತು. ಜೊತೆಗಾರ ಸಿದ್ದರಾಜು, “ಮಗಾ, ಸ್ಟೇಜೇ ವಾಲಿತ್ತು ಕಣೋ! ನಾನ್ ಕಣ್ಣಾರೆ ನೋಡ್ದೆ,” ಎಂದ. ಅವನು ಆಗ ಹೊರಗೆ ಬೋಂಡ ತಿನ್ನುತ್ತಿದ್ದ ಎಂಬುದು ನನಗೆ ಗೊತ್ತಿತ್ತು. ಆದರೂ ನಂಬಿದೆ. ಅಂದಿನಿಂದ ಆ ಸ್ಟೇಜು ವರ್ಷದಿಂದ ವರ್ಷಕ್ಕೆ ವಾಲುತ್ತಲೇ ಹೋಯಿತು. “ರೀ, ನಾನು ಬಂದಾಗ ಒಂದಂಗುಲ ಇತ್ತು, ಈಗ ಒಂದಡಿ ಮಾಡಿದೀರ. ಇನ್ನೇನು ಮಗುಚ್ಕೊಳತ್ತೆ,” ಎನ್ನುತ್ತಾಳೆ ಹೆಂಡತಿ ಜಯ.

ಸುಷ್ಮಾ ಈಗ ವಿಜಯನಗರದ ಜಿಮ್ಮೊಂದರಲ್ಲಿ ಇದೇ ಪವರ್‌ಲಿಫ್ಟಿಂಗ್ ಮಾಡುತ್ತಾಳೆ. ಅಲ್ಲಿ ಏಸಿ ಇದೆ, ಕನ್ನಡಿ ಇದೆ, ಎತ್ತುವುದಕ್ಕೇ ಬೇರೆ ಶೂ ಇದೆ. ನಮ್ಮ ಕಾಲವೇ ಚಂದ ಎಂದು ನಾನು ಗೊಣಗುವುದಿಲ್ಲ. ಅವಳು ಬಾರ್ ಹಿಡಿದಾಗ ನನ್ನ ಉಸಿರೂ ನಿಲ್ಲುತ್ತದೆ, ಅಷ್ಟು ಸಾಕು. ಅವಳ ಸ್ಪರ್ಧೆಗೆ ಹದಿನೈದು ದಿನವಿರುವಾಗ ಜಿಮ್ಮಿನ ನೆಲ ರಿಪೇರಿಗೆ ಬಂತು. ಗರಡಿ ಮುಚ್ಚಿದ ಮೇಲೆ ಅಲ್ಲಿನ ಬಾರ್ ಮತ್ತು ಪ್ಲೇಟುಗಳು ನನ್ನ ಶಾಪಿನ ಮೂಲೆ ಸೇರಿದ್ದವು. ‘ಅಪ್ಪನ ಪ್ಲೇಟಲ್ಲೇ ಮಾಡ್ತೀನಿ’ ಎಂದು ಬಂದಳು. ನನಗೆ ಕಣ್ಣು ತುಂಬಿತು. ಬಂದವಳು ಮೊದಲು ಮಾಡಿದ ಕೆಲಸ, ಒಂದೊಂದನ್ನೇ ಎತ್ತಿ ಶಾಪಿನ ಎಲೆಕ್ಟ್ರಾನಿಕ್ ತಕ್ಕಡಿಗೆ ಇಟ್ಟದ್ದು.

“ಅಪ್ಪ, ಈ ಕುಂಕುಮ ಇರೋದು ಇಪ್ಪತ್ತು ಕಿಲೋ ಒಂಬೈನೂರು ಗ್ರಾಂ ತೋರಿಸ್ತಾ ಇದೆ.”

“ತಕ್ಕಡಿ ಕೆಟ್ಟಿರ್ಬೇಕು ಕಣಮ್ಮ.”

“ಕುಂಕುಮ ಇಲ್ದೇ ಇರೋದು ಕರೆಕ್ಟಾಗಿ ಇಪ್ಪತ್ತು ಬಂತಲ್ಲ?”

“ಎಷ್ಟು ವರ್ಷದ ಕುಂಕುಮ ಗೊತ್ತಾ? ದಪ್ಪ ಕೂತಿರುತ್ತೆ.”

“ಒಂಬೈನೂರು ಗ್ರಾಂ ಕುಂಕುಮನಾ ಅಪ್ಪ?”

ನಾಲ್ಕೂ ಹಾಗೇ ಇದ್ದವು. ಎಡಕ್ಕೆ ಮೂರೂವರೆ ಕಿಲೋಗೂ ಮೇಲೆ ಹೆಚ್ಚು. ಆಗ ನನಗೆ ಎಲ್ಲ ನೆನಪಾಯಿತು. ಆ ನಾಲ್ಕಕ್ಕೆ ಕೊನೆಯ ಒಂದು ಮಿಲಿಮೀಟರ್ ಕಟಿಂಗ್ ಬಾಕಿ ಇತ್ತು. ಅಷ್ಟರಲ್ಲಿ ಹಬ್ಬ ಬಂತು, ಉಸ್ತಾದರು ಪೂಜೆ ಮಾಡಿಸಿಬಿಟ್ಟರು. ಪೂಜೆಯಾದದ್ದಕ್ಕೆ ಉಳಿ ತಾಗಿಸುವುದು ಹೇಗೆಂದು ನಾನು ಸುಮ್ಮನಾದೆ, ಆಮೇಲೆ ಮರೆತೆ. ವರ್ಷಗಟ್ಟಲೆ ಎಡಗಡೆ ಹೆಚ್ಚು ಬಲ ಹಾಕಿ ಎಳೆದು ಎಳೆದು, ಎರಡೂ ಕಡೆ ಸಮತೂಕವಾಗಿ ನೆಟ್ಟಗಿರುವ ಬಾರ್ ಸಿಕ್ಕಿದ ದಿನ ನಾನು ಸೊಟ್ಟಗಾಗಿದ್ದೆ.

“ಅಪ್ಪ, ಸೂಪರ್! ನಿಮಗೆ ಶಕ್ತಿ ಇಲ್ದೇ ಸೋತಿದ್ದಲ್ಲ. ನೀವು ಎತ್ತಿದ್ದು ಇನ್ನೂರಲ್ಲ, ಇನ್ನೂರ ಮೂರೂವರೆ!” ಎಂದಳು.

ಮಗಳು ಖುಷಿಪಟ್ಟಳು, ನಾನು ಬೆವೆತೆ. ಏಕೆಂದರೆ ಲಿಫ್ಟರ್ ಗೆದ್ದರೆ ಲೇತಿನವನು ಸೋಲುತ್ತಾನೆ. ಒಂದು ಮಿಲಿಮೀಟರ್! ನನ್ನ ಶಾಪಿನಲ್ಲಿ ಅದರ ಹತ್ತನೇ ಒಂದು ಭಾಗಕ್ಕೆ ನಾನು ಕೂಗಾಡಿದ್ದೇನೆ. ಪದಕವಿಲ್ಲದೆ ಮೂವತ್ತು ವರ್ಷ ಬದುಕಿದ್ದಾಗಿದೆ. ಲೇತಿಗೆ ಕೆಟ್ಟ ಹೆಸರು ಬಂದರೆ ನಾಳೆ ಶಾಪಿನ ಬಾಗಿಲು ತೆಗೆಯುವುದು ಹೇಗೆ? ಆಂಜನೇಯನಿಗೆ ಹೂವಿಟ್ಟು, ಕರ್ಪೂರ ಹಚ್ಚಿ, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು, ನಾಲ್ಕನ್ನೂ ಲೇತಿಗೆ ಕಟ್ಟಿ ಆ ಒಂದು ಮಿಲಿಮೀಟರ್ ತೆಗೆದೆ. ಈಗ ಎಂಟೂ ಅಚ್ಚಿನಲ್ಲಿ ತೆಗೆದ ಹಾಗಿವೆ.

ಎರಡು ದಿನ ಬಿಟ್ಟು ಸುಷ್ಮಾಳ ಕೋಚ್ ಅಭ್ಯಾಸ ನೋಡಲು ಶಾಪಿಗೇ ಬಂದ. ಎಂಟು ಪ್ಲೇಟನ್ನೂ ತೂಗಿ, “ಏನ್ ಸಾರ್, ಆ ಕಾಲದಲ್ಲೇ ಇಷ್ಟು ಕರೆಕ್ಟಾಗಿ ಮಾಡಿದೀರಾ?” ಎಂದ. ನಾನು ‘ಹೂಂ’ ಎಂದೆ. ಸುಷ್ಮಾ ಕೆಮ್ಮಿದಳು. “ಇಂಥ ಪ್ಲೇಟಲ್ಲಿ ಪ್ರಾಕ್ಟೀಸ್ ಮಾಡಿ ಹೆಂಗ್ ಸಾರ್ ಮಿಸ್ ಆಯ್ತು ಆವತ್ತು?” ಎಂದು, ನಾನು ಸ್ಪರ್ಧೆಯಲ್ಲಿ ಸೋತದ್ದು ಮಾತ್ರ ಗೊತ್ತಿದ್ದ ಅವನು ಕೇಳಿದ.

ಪ್ಲೇಟಿನ ಮೇಲೆ ಹಾಕುವ ಹಾಗಿಲ್ಲ, ಸ್ಟೇಜು ವಾಲಿತ್ತೆನ್ನಲು ಸುಷ್ಮಾ ಎದುರಿಗೇ ಇದ್ದಾಳೆ; ಹೇಳಲು ನನ್ನ ಬಳಿ ಒಂದೇ ಉತ್ತರ ಉಳಿದಿತ್ತು. “ನನ್ ಕೈಲಿ ಆಗ್ಲಿಲ್ಲ ಸಾರ್, ಅಷ್ಟೇ,” ಎಂದೆ.

ಆ ಹುಡುಗ ಬಗ್ಗಿ ನನ್ನ ಕಾಲು ಮುಟ್ಟಿ, “ಸೋಲನ್ನ ಇಷ್ಟು ನಿಯತ್ತಾಗಿ ಒಪ್ಕೊಳೋರನ್ನ ನಾನ್ ನೋಡೇ ಇಲ್ಲ ಸಾರ್,” ಎಂದ. ನಾನು ಸುಷ್ಮಾಳ ಕಡೆ ನೋಡದೆ ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ.